ಕಲಿಯುವ ದಿನಗಳ ಅನ್ನದ ಲೆಕ್ಕ

ನಮ್ಮ ಸಂಜೆ ತರಗತಿಯ ಹಾಜರಿ ಪುಸ್ತಕವನ್ನು ತಿರುವಿದರೆ ಹಳೆಯ ತಂಡಗಳಲ್ಲೆಲ್ಲ ಮೂರನೆಯ ವಾರದಿಂದ ಖಾಲಿ ಚೌಕಗಳು ಹೆಚ್ಚುತ್ತಾ ಹೋಗುವುದು ಕಾಣುತ್ತದೆ. ಮೊದಲ ದಿನ ಇಪ್ಪತ್ತೆರಡು ಜನ ಬಂದಿರುತ್ತಾರೆ. ತಿಂಗಳು ತುಂಬುವ ಹೊತ್ತಿಗೆ ಒಂಬತ್ತೋ ಹತ್ತೋ ಉಳಿಯುತ್ತಾರೆ. ಬೆಂಗಳೂರಿನ ಪೀಣ್ಯದಲ್ಲಿ ಅಚ್ಚು, ಉಪಕರಣ ತಯಾರಿಸುವ ಟೂಲ್ ರೂಮೊಂದರಲ್ಲಿ ಇಪ್ಪತ್ತಾರು ವರ್ಷ ದುಡಿದು, ಕೆಲಸ ಬಿಟ್ಟ ಮೇಲೆ ಹೆಗ್ಗನಹಳ್ಳಿಯ ಬಾಡಿಗೆ ಕೋಣೆಯಲ್ಲಿ ಗೆಳೆಯರೊಡನೆ ಸೇರಿ ಈ ತರಗತಿಯನ್ನು ಶುರು ಮಾಡಿದಾಗ, ಖಾಲಿ ಚೌಕವೆಂದರೆ ಆಸಕ್ತಿಯಿಲ್ಲದಿರುವುದು ಎಂದೇ ನಾನು ತಿಳಿದಿದ್ದೆ. ಈಗಿನ ಹುಡುಗರಿಗೆ ತಾಳ್ಮೆಯಿಲ್ಲ ಎಂದು ನಾಲ್ಕು ಜನರ ಮುಂದೆ ಆಡಿಯೂ ಇದ್ದೆ. ಆ ಮಾತು ತಪ್ಪಾಗಿತ್ತು ಎಂಬುದು ನನಗೆ ಮನವರಿಕೆಯಾಗಲು ಎರಡು ವರ್ಷ ಬೇಕಾಯಿತು.

ನಮ್ಮಲ್ಲಿಗೆ ಬರುವವರು ಹದಿನೆಂಟರಿಂದ ಇಪ್ಪತ್ತೈದರ ವಯಸ್ಸಿನವರು. ಹೆಚ್ಚಿನವರು ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೋ ಇಂಗ್ಲಿಷೋ ಹೋಗಿ ಅಲ್ಲಿಗೇ ಓದು ನಿಲ್ಲಿಸಿದವರು. ಕೆಲವರು ಎಂಟನೆಯ ತರಗತಿಯನ್ನೂ ದಾಟಿಲ್ಲ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಅಪ್ಪ ಅಮ್ಮನ ಜೊತೆ ಗಾರೆ ಕೆಲಸಕ್ಕೆಂದು ಬಂದು ಇಲ್ಲಿಯೇ ದೊಡ್ಡವರಾದವರಿದ್ದಾರೆ, ಲಗ್ಗೆರೆ ರಾಜಗೋಪಾಲನಗರಗಳಲ್ಲೇ ಹುಟ್ಟಿದವರೂ ಇದ್ದಾರೆ. ಹಗಲಿನಲ್ಲಿ ಯಾರೂ ಸುಮ್ಮನೆ ಕೂತವರಲ್ಲ. ಶೆಡ್ಡುಗಳಲ್ಲಿ ಹೆಲ್ಪರ್ ಆಗಿರುವವರು, ಮೇಸ್ತ್ರಿಯ ಕೈಯಾಳುಗಳು, ಯಶವಂತಪುರದ ಮಾರುಕಟ್ಟೆಯಲ್ಲಿ ಮೂಟೆ ಇಳಿಸುವವರು, ಗಾರ್ಮೆಂಟ್ಸ್‌ನಲ್ಲಿ ದಾರ ಕತ್ತರಿಸುವವರು, ಬೈಕಿನಲ್ಲಿ ಊಟ ತಲುಪಿಸುವವರು. ನಿರುದ್ಯೋಗಿ ಎಂಬ ಪದ ಇವರಿಗೆ ಹೊಂದುವುದಿಲ್ಲ. ಕೆಲಸವೇನೋ ಇದೆ, ಆದರೆ ಇಪ್ಪತ್ತನೆಯ ವಯಸ್ಸಿನಲ್ಲಿ ಯಾವ ದರ್ಜೆಯ ಕೂಲಿಯೋ ನಲವತ್ತನೆಯ ವಯಸ್ಸಿನಲ್ಲೂ ಅದೇ ದರ್ಜೆಯ ಕೂಲಿ, ಅಷ್ಟರಲ್ಲಿ ಬೆನ್ನು ಸೋತಿರುತ್ತದೆ. ಈ ನಗರದಲ್ಲಿ ನಾನು ಹತ್ತಿರದಿಂದ ಕಂಡ ಬಡತನ ಬಹುಪಾಲು ಈ ಬಗೆಯದು.

ಇಂಥವರಿಗೆ ಶಾಲೆಯ ಹೊರಗೆ ಕಲಿಸುವುದನ್ನು ಅನೌಪಚಾರಿಕ ಶಿಕ್ಷಣ ಎನ್ನುತ್ತಾರೆ. ಇದಕ್ಕೆ ವಯಸ್ಸಿನ ಕಟ್ಟಿಲ್ಲ, ಒಂದನೆಯದಾದ ಮೇಲೆ ಎರಡನೆಯದು ಎಂಬ ತರಗತಿಗಳ ಮೆಟ್ಟಿಲಿಲ್ಲ. ಆದರೆ ಗುರಿಯಿದೆ, ಪಾಠದ ಕ್ರಮವಿದೆ, ಕಲಿಸುವವರಿದ್ದಾರೆ, ಹಾಗಾಗಿ ಅಂಗಡಿಯಲ್ಲಿ ನೋಡಿ ನೋಡಿ ಕೈಗೆ ಹತ್ತಿಸಿಕೊಳ್ಳುವುದಕ್ಕಿಂತ ಇದು ಬೇರೆ. ಔದ್ಯೋಗಿಕ ತರಬೇತಿಯನ್ನು ಕಾಗದದ ಮೇಲೆ ಇದರಿಂದ ಬೇರೆ ಮಾಡಿ, ಬೇರೆ ಇಲಾಖೆಗೆ, ಬೇರೆ ಅನುದಾನಕ್ಕೆ ಸೇರಿಸಿರುತ್ತಾರೆ. ಕಲಿಯುವವರ ಎದುರು ಕೂತಾಗ ಇವೆರಡನ್ನೂ ಬಿಡಿಸಿ ಇಡಲು ಬರುವುದಿಲ್ಲ ಎಂಬುದನ್ನು ನನಗೆ ತೋರಿಸಿಕೊಟ್ಟವನು ಒಬ್ಬ ಹುಡುಗ.

ಅವನು ಒಂದು ಟರ್ನಿಂಗ್ ಶೆಡ್ಡಿನಲ್ಲಿ ಹೆಲ್ಪರ್. ಲೋಹವನ್ನು ತಿರುಗಿಸಿ ಕಡೆಯುವ ಲೇತ್ ಯಂತ್ರಕ್ಕೆ ಕಬ್ಬಿಣದ ಸರಳು ಕೊಡುವುದು, ಚೂರು ಗುಡಿಸುವುದು, ತಯಾರಾದ ಪಿನ್ನುಗಳನ್ನು ಎಣ್ಣೆಯಲ್ಲಿ ಅದ್ದಿ ಟ್ರೇಯಲ್ಲಿ ಜೋಡಿಸುವುದು ಅವನ ಕೆಲಸ. ಪಿನ್ನಿನ ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರ್ ಹಿಡಿಯಲು ಬರುತ್ತಿತ್ತು, ಆದರೆ ಓದಲು ಬರುತ್ತಿರಲಿಲ್ಲ. ಇಪ್ಪತ್ತಮೂರು ಚಿಲ್ಲರೆ ಎನ್ನುತ್ತಿದ್ದ. ಮೇಲಿನ ಪಟ್ಟಿಯಲ್ಲಿ ಗೆರೆಗೊಂದು ಮಿಲಿಮೀಟರ್, ಕೆಳಗೆ ಜಾರುವ ಪಟ್ಟಿಯಲ್ಲಿ 49 ಮಿಲಿಮೀಟರ್ ಉದ್ದವನ್ನು 50 ಸಮಭಾಗ ಮಾಡಿರುತ್ತಾರೆ, ಆದ್ದರಿಂದ ಮೇಲಿನ ಒಂದು ಮನೆಗೂ ಕೆಳಗಿನ ಒಂದು ಮನೆಗೂ 0.02 ಮಿಲಿಮೀಟರ್ ವ್ಯತ್ಯಾಸ ಎಂದು ಹೇಳಿಕೊಟ್ಟೆ. ಅವನ ಕೈಯಲ್ಲಿದ್ದ ಪಿನ್ನಿಗೆ ಕೆಳಗಿನ ಸೊನ್ನೆ 23ನ್ನು ದಾಟಿತ್ತು, ಹದಿನೇಳನೆಯ ಗೆರೆ ಮೇಲಿನ ಗೆರೆಯೊಂದಕ್ಕೆ ನೇರವಾಗಿ ಕೂತಿತ್ತು. ಹದಿನೇಳೆರಡಲೆ ಮೂವತ್ತನಾಲ್ಕು, ಆದ್ದರಿಂದ 23.34. ನಕ್ಷೆಯಲ್ಲಿ 23.4 ಎಂದು ಬರೆದಿತ್ತು. ಇದು ದೊಡ್ಡದಾಯಿತೋ ಚಿಕ್ಕದಾಯಿತೋ ಎಂದು ಕೇಳಿದೆ. ದೊಡ್ಡದು ಸಾರ್, ನಾಲ್ಕಕ್ಕಿಂತ ಮೂವತ್ತನಾಲ್ಕು ದೊಡ್ಡದಲ್ಲವೇ ಎಂದ. ಕೋಣೆಯಲ್ಲಿದ್ದ ಹದಿಮೂರು ಜನರಲ್ಲಿ ಒಂಬತ್ತು ಜನ ಅವನನ್ನೇ ಒಪ್ಪಿದರು.

ಹತ್ತು ವರ್ಷ ಶಾಲೆಯಲ್ಲಿ ಕೂತು ಬಂದವರ ದಶಾಂಶದ ತಿಳಿವಳಿಕೆ ಇಷ್ಟೇ ಆಗಿತ್ತು, ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಕರಿಹಲಗೆಗೆ ಹೋಗದೆ, 23.4 ಆಗಬೇಕಾದರೆ ಕೆಳಗಿನ ಯಾವ ಗೆರೆ ಕೂರಬೇಕು ಎಂದಷ್ಟೇ ಕೇಳಿದೆ. ಅವನು ಹೆಬ್ಬೆರಳಿನಿಂದ ಜಾರುಪಟ್ಟಿಯನ್ನು ಮೆಲ್ಲಗೆ ತಳ್ಳುತ್ತಾ ಹದಿನೆಂಟು, ಹತ್ತೊಂಬತ್ತು ಎಂದು ಎಣಿಸಿ ಇಪ್ಪತ್ತಕ್ಕೆ ನಿಲ್ಲಿಸಿದ. ಕ್ಯಾಲಿಪರಿನ ಬಾಯಿ ತೆರೆದುಕೊಂಡಿತು, ಪಿನ್ನು ಒಳಗೆ ಅಲುಗಾಡಿತು. ಓ, ಇದು ಸಣ್ಣದು, ಆರು ಕಮ್ಮಿ ಎಂದ. ಆ ಆರು, ಅಂದರೆ 0.06 ಮಿಲಿಮೀಟರ್, ಎಷ್ಟು ಎಂದು ತೋರಿಸಲು ಇನ್ನೂ ಸೂಕ್ಷ್ಮವಾಗಿ ಅಳೆಯುವ ಮೈಕ್ರೋಮೀಟರ್ ಕೊಟ್ಟು, ಅವನ ತಲೆಗೂದಲನ್ನೇ ಒಂದು ಕಿತ್ತು ಅಳೆಯಲು ಹೇಳಿದೆ. ಅದು ಆರೂವರೆ ಗೆರೆಯ ಹತ್ತಿರ, ಅಂದರೆ 0.065 ಮಿಲಿಮೀಟರಿಗೆ, ನಿಂತಿತು. ಒಂದು ಕೂದಲಿನಷ್ಟು ಅಂತರಕ್ಕೆ ಪಿನ್ನು ತಿರಸ್ಕಾರವಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು, ಏಕೆಂದರೆ ವಾಪಸು ಬಂದ ಡಬ್ಬಿಗಳನ್ನು ಹೊತ್ತವನು ಅವನೇ. ಆ ಕೂದಲನ್ನು ಅಂಕಿಯಲ್ಲಿ ಬರೆಯಬಹುದು ಎಂಬುದು ಅಂದು ಗೊತ್ತಾಯಿತು. ಮುಂದಿನ ನಾಲ್ಕು ಸಂಜೆಗಳಲ್ಲಿ ಆ ತಂಡ ದಶಾಂಶದ ಕೂಡುವುದು ಕಳೆಯುವುದನ್ನು ಮುಗಿಸಿತು. ಅದು ಗಣಿತದ ಪಾಠವಾಗಿತ್ತೋ ಫಿಟ್ಟರ್ ಪಾಠವಾಗಿತ್ತೋ ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ.

ಈ ತಿಳಿವು ನಮ್ಮ ದೇಶಕ್ಕೆ ಹೊಸದಲ್ಲ. 1967ರಲ್ಲಿ ಮುಂಬಯಿಯಲ್ಲಿ ಮೊದಲ ಶ್ರಮಿಕ ವಿದ್ಯಾಪೀಠ ತೆರೆದಾಗ, ಕೂಲಿಕಾರರಿಗೆ ಕಸುಬು, ಅಕ್ಷರ, ಆರೋಗ್ಯ, ಕಾನೂನು ಎಲ್ಲವನ್ನೂ ಒಂದೇ ಕಡೆ ಕಲಿಸಬೇಕೆಂಬುದೇ ಅದರ ಮೂಲ ಯೋಚನೆಯಾಗಿತ್ತು. ಅವೇ 2000ದಲ್ಲಿ ಜನ ಶಿಕ್ಷಣ ಸಂಸ್ಥಾನಗಳಾದವು. ಓದು ಬಾರದವರಿಗೂ ಅರ್ಧಕ್ಕೆ ಬಿಟ್ಟವರಿಗೂ ಹದಿನೈದರಿಂದ ನಲವತ್ತೈದರ ವಯಸ್ಸಿನವರೆಗೆ ಅಲ್ಲಿ ಬಾಗಿಲು ತೆರೆದಿದೆ. 1978ರ ಅಕ್ಟೋಬರ್ 2ರಂದು ಶುರುವಾದ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮವೂ ಹದಿನೈದರಿಂದ ಮೂವತ್ತೈದರವರನ್ನೇ ಕಣ್ಣ ಮುಂದಿಟ್ಟುಕೊಂಡಿತ್ತು. 2018ರಲ್ಲಿ ಜನ ಶಿಕ್ಷಣ ಸಂಸ್ಥಾನಗಳನ್ನು ಶಿಕ್ಷಣದ ಕಡೆಯಿಂದ ಕೌಶಲ್ಯಾಭಿವೃದ್ಧಿ ಸಚಿವಾಲಯಕ್ಕೆ ವರ್ಗಾಯಿಸಿದರು. ಆಡಳಿತಕ್ಕೆ ಅದು ಅನುಕೂಲವಿರಬಹುದು. ಆದರೆ ಕಸುಬಿನ ಜೊತೆಗೆ ಅಕ್ಷರವನ್ನೂ ಹಿಡಿದಿದ್ದ ಕೈ ಅಲ್ಲಿ ಸಡಿಲವಾಗಬಾರದು ಎಂಬ ಆತಂಕ ನನ್ನದು.

ಆ ಹುಡುಗನ ಮಾತಿಗೆ ಬರುತ್ತೇನೆ. ಅಷ್ಟು ಚುರುಕಾಗಿದ್ದವನು ಐದನೆಯ ವಾರದಿಂದ ಬರಲಿಲ್ಲ. ಒಂದು ಭಾನುವಾರ ಅವನ ವಠಾರಕ್ಕೆ ಹೋದೆ. ಶೆಡ್ಡಿಗೆ ದೊಡ್ಡ ಆರ್ಡರ್ ಬಂದಿತ್ತು, ರಾತ್ರಿ ಎಂಟೂವರೆಯವರೆಗೆ ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ಮಾಡಿದರೆ ದಿನಕ್ಕೆ 200 ರೂಪಾಯಿ ಹೆಚ್ಚು ಸಿಗುತ್ತಿತ್ತು. ಕಾನೂನು ಹೇಳುವ ಎರಡುಪಟ್ಟು ದರ ಆ ಶೆಡ್ಡಿಗೆ ಇನ್ನೂ ತಲುಪಿಲ್ಲ. ಆದರೂ ಅಪ್ಪನ ಮಂಡಿ ನೋವು, ತಂಗಿಯ ಕಾಲೇಜು, ಮನೆ ಬಾಡಿಗೆ ಇವುಗಳ ನಡುವೆ ಆ ಇನ್ನೂರನ್ನು ಬಿಡುವ ಸ್ಥಿತಿ ಇರಲಿಲ್ಲ. ನಾನು ಒಂದು ಒಳ್ಳೆಯ ಸುದ್ದಿ ತಂದಿದ್ದೆ ಎಂದುಕೊಂಡಿದ್ದೆ: ಕಂಪ್ಯೂಟರ್ ನಿಯಂತ್ರಣದ ಸಿಎನ್‌ಸಿ ಯಂತ್ರ ನಡೆಸುವ ಮೂರು ತಿಂಗಳ ತರಬೇತಿ, ಹಗಲಿನಲ್ಲಿ, ಪೂರ್ತಿ ಉಚಿತ. ಅವನು ಮೊಬೈಲಿನಲ್ಲಿ ಲೆಕ್ಕ ಹಾಕಿ ನನ್ನ ಕಡೆ ತಿರುಗಿಸಿದ. ದಿನಕ್ಕೆ 600, ತಿಂಗಳಿಗೆ 26 ದಿನ, ಮೂರು ತಿಂಗಳು. ಪರದೆಯ ಮೇಲೆ 46,800 ಎಂದಿತ್ತು. ಸಾರ್, ಇದು ಅದರ ಫೀಸು ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಸರಿಯಿದೆಯೇ ಎಂದು ಕೇಳುವ ಹುಡುಗನ ದನಿಯಷ್ಟೇ ಇತ್ತು. ಲೆಕ್ಕ ಸರಿಯಾಗಿಯೇ ಇತ್ತು.

ಆ ಸಂಖ್ಯೆಯನ್ನು ನೋಡಿದ ಮೇಲೆ ನನ್ನ ಹಾಜರಿ ಪುಸ್ತಕದ ಖಾಲಿ ಚೌಕಗಳು ಬೇರೆಯಾಗಿಯೇ ಕಂಡವು. ಬೋಧನಾ ಶುಲ್ಕವಿಲ್ಲ ಎಂಬುದನ್ನು ನಾವು ಉಚಿತ ಎಂದು ಕರೆಯುತ್ತೇವೆ. ದುಡಿದು ಉಣ್ಣುವವನಿಗೆ ಕಲಿಯುವ ದಿನವೆಂದರೆ ದುಡಿಯದ ದಿನ, ಅಂದು ಒಲೆ ಹೊತ್ತಿಸುವವರು ಯಾರು ಎಂಬುದೇ ಅವನ ಮೊದಲ ಪ್ರಶ್ನೆ. ಪಾಠ ಚೆನ್ನಾಗಿದೆಯೇ, ಯಂತ್ರ ಹೊಸದೇ, ಪ್ರಮಾಣಪತ್ರಕ್ಕೆ ಬೆಲೆಯಿದೆಯೇ ಎಂಬುವೆಲ್ಲ ಅದರ ನಂತರದವು.

ಕಲಿಯುವವನಿಗೆ ಅನ್ನ ಹಾಕಬೇಕು ಎಂಬುದು ನಮ್ಮ ನಾಡಿನಲ್ಲಿ ಯಾರೂ ಹೊಸದಾಗಿ ಹೇಳಿಕೊಡಬೇಕಾದ ಮಾತಲ್ಲ. ವಾರಾನ್ನ ಉಂಡು ಓದಿದವರ ಕಥೆಗಳನ್ನು ನಮ್ಮ ಹಿಂದಿನ ಎರಡು ತಲೆಮಾರು ಮನೆಮನೆಯಲ್ಲಿ ಹೇಳಿದೆ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಊಟ ಗೊತ್ತು ಮಾಡಿಕೊಂಡು ಹಳ್ಳಿಯ ಹುಡುಗರು ಬೆಂಗಳೂರು ಮೈಸೂರುಗಳಲ್ಲಿ ಡಿಗ್ರಿ ಮುಗಿಸಿದರು. ವಾರಾನ್ನದ ಮನೆಗಳ ಬಾಗಿಲು ಎಲ್ಲ ಜಾತಿಯವರಿಗೂ ತೆರೆಯುತ್ತಿರಲಿಲ್ಲ ಎಂಬುದೂ ನಿಜ. ಹಾಗೆ ಮುಚ್ಚಿದ ಬಾಗಿಲುಗಳ ಎದುರು ಹಲವು ಸಮುದಾಯಗಳು ತಮ್ಮ ಮಕ್ಕಳಿಗಾಗಿ ಉಚಿತ ವಿದ್ಯಾರ್ಥಿನಿಲಯಗಳನ್ನು ಕಟ್ಟಿಕೊಂಡವು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಮೂರೂ ಒಟ್ಟಿಗೆ ಸಿಕ್ಕವು. ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿ ಹಳ್ಳಿಯ ಯುವಕರಿಗಾಗಿ ವಿದ್ಯಾಪೀಠಗಳನ್ನು ತೆರೆದಾಗ, ಡೆನ್ಮಾರ್ಕಿನ ಜನಪದ ಪ್ರೌಢಶಾಲೆಗಳ ಮಾದರಿಯಲ್ಲಿ ಅವನ್ನು ವಸತಿಯುತವಾಗಿಯೇ ನಡೆಸಿತು. ನಮ್ಮ ಸರ್ಕಾರವೂ 2002ರಲ್ಲಿ ಶಾಲೆಯ ಬಿಸಿಯೂಟಕ್ಕೆ ಅಕ್ಷರ ದಾಸೋಹ ಎಂದು ಹೆಸರಿಟ್ಟಿತು, ಮುಂದೆ ಅದನ್ನು ಹತ್ತನೆಯ ತರಗತಿಯವರೆಗೆ ವಿಸ್ತರಿಸಿತು. ಹತ್ತನೆಯದರಲ್ಲಿ ನಪಾಸಾದ ದಿನ ಆ ತಟ್ಟೆ ಎತ್ತಿಹೋಗುತ್ತದೆ. ಮತ್ತೆ ಕಲಿಯಲು ಹೊರಟವನಿಗೆ ಅದನ್ನು ಮರಳಿ ಇಡುವವರಿಲ್ಲ.

ನನಗೆ ಆ ತಟ್ಟೆ ಸಿಕ್ಕಿತ್ತು. 1980ರ ದಶಕದ ಕೊನೆಯಲ್ಲಿ ನಾನು ಅಪ್ರೆಂಟಿಸ್ ಆಗಿ ಸೇರಿದಾಗ ಕೈಗೆ ಬರುತ್ತಿದ್ದ ಶಿಷ್ಯವೇತನ ಚಿಕ್ಕದೇ, ಆದರೆ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಬಹಳ ಕಡಿಮೆ ದರಕ್ಕೆ ಹೊಟ್ಟೆ ತುಂಬ ಮುದ್ದೆ, ಅನ್ನ, ಸಾರು ಸಿಗುತ್ತಿತ್ತು, ಊರಿಗೆ ಪ್ರತಿ ತಿಂಗಳು ಸ್ವಲ್ಪ ಹಣ ಕಳಿಸಲೂ ಆಗುತ್ತಿತ್ತು. ಈ ನಗರದ ಕೈಕಸುಬು ಬೆಳೆದದ್ದೇ ಹಾಗೆ. ಎಚ್‌ಎಎಲ್ 1940ರಲ್ಲಿ, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ ಬಂದವು. ಅವುಗಳ ತರಬೇತಿ ಕೇಂದ್ರಗಳಲ್ಲಿ ಸಂಬಳದೊಂದಿಗೆ ಕಲಿತ ಹಳ್ಳಿಯ ಹುಡುಗರೇ ಮುಂದೆ ಪೀಣ್ಯದಲ್ಲಿ, ರಾಜಾಜಿನಗರದಲ್ಲಿ ಸ್ವಂತ ಶೆಡ್ಡು ಹಾಕಿದರು. 1972ರಲ್ಲಿ ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ ಡೆನ್ಮಾರ್ಕಿನ ನೆರವಿನಿಂದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ ಬಂತು, ಅಲ್ಲಿಂದ ಬಂದವರ ಕೈಕೆಳಗೆ ನಾನು ಕಲಿತೆ.

1961ರ ಅಪ್ರೆಂಟಿಸ್ ಕಾಯ್ದೆ ಇಂದಿಗೂ ಇದೆ. 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು ತಮ್ಮ ಕೆಲಸಗಾರರ ಸಂಖ್ಯೆಯ ಶೇಕಡಾ 2.5ರಿಂದ 15ರವರೆಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. 2019ರ ತಿದ್ದುಪಡಿಯಲ್ಲಿ ಕನಿಷ್ಠ ಶಿಷ್ಯವೇತನವನ್ನು ಓದಿಗೆ ತಕ್ಕಂತೆ ತಿಂಗಳಿಗೆ 5,000 ರೂಪಾಯಿಯಿಂದ 9,000 ರೂಪಾಯಿಯವರೆಗೆ ನಿಗದಿ ಮಾಡಿದರು. ಐದರಿಂದ ಒಂಬತ್ತನೆಯ ತರಗತಿಯವರೆಗೆ ಓದಿದವನಿಗೆ ಆಗ ಗೊತ್ತು ಮಾಡಿದ್ದು 5,000. ಹೆಲ್ಪರ್ ಕೆಲಸದಲ್ಲಿ 15,600 ತರುವವನು ಅದನ್ನು ಬಿಟ್ಟು ಅಂಥ ಶಿಷ್ಯವೇತನಕ್ಕೆ ಕಲಿಯಲು ಹೋಗಬೇಕೆಂದರೆ ಮನೆಯಲ್ಲಿ ಇನ್ನೊಬ್ಬರು ದುಡಿಯುತ್ತಿರಬೇಕು. ಹೋಗಲು ಮನಸ್ಸು ಮಾಡಿದರೂ, ನಮ್ಮವರು ದುಡಿಯುವ ಶೆಡ್ಡುಗಳಲ್ಲಿ ಇರುವುದು ಎಂಟು ಹತ್ತು ಜನ. ಆ ಕಾಯ್ದೆಯ ಕಡ್ಡಾಯ ಅಲ್ಲಿಗೆ ತಲುಪುವುದೇ ಇಲ್ಲ. ರಾಜ್ಯದ ಯುವನಿಧಿ ಯೋಜನೆ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮುಗಿಸಿದವರಿಗೆ 1,500 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ಕೊಡುತ್ತದೆ. ಅದನ್ನು ನಾನು ಸ್ವಾಗತಿಸುತ್ತೇನೆ. ಆದರೆ ಪದವಿಯವರೆಗೆ ಓದಲು ಆಗದವನೇ ಹೆಚ್ಚು ಬಡವ. ಅವನು ಕಲಿಯುವ ಮೂರು ತಿಂಗಳಿಗೆ ಇಂಥದ್ದೊಂದು ಆಸರೆ ಇರಬೇಕಾದದ್ದು ನ್ಯಾಯ.

ಅನ್ನದ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡ ಮಾದರಿಯೊಂದು ನಮ್ಮ ರಾಜ್ಯದಲ್ಲೇ ಇದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಕಟ್ಟಿದ ರುಡ್‌ಸೆಟ್ ಸಂಸ್ಥೆ ಗ್ರಾಮೀಣ ಯುವಕ ಯುವತಿಯರನ್ನು ಊಟ ವಸತಿ ಕೊಟ್ಟು ಉಚಿತವಾಗಿ ತರಬೇತುಗೊಳಿಸುತ್ತದೆ. ತರಬೇತಿ ಕೆಲವೇ ವಾರಗಳದು, ಆದರೆ ಆ ಮೇಲೆ ಎರಡು ವರ್ಷ ಬೆನ್ನ ಹಿಂದೆ ನಿಂತು, ಬ್ಯಾಂಕಿನ ಸಾಲಕ್ಕೆ ಕೈಹಿಡಿದು ನಡೆಸುತ್ತಾರೆ. ಅದನ್ನೇ ನೋಡಿಕೊಂಡು ಕೇಂದ್ರ ಸರ್ಕಾರ ಜಿಲ್ಲೆಗೊಂದು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯನ್ನು ಬ್ಯಾಂಕುಗಳ ಮೂಲಕ ತೆರೆಯಿತು. ನೆಲಮಂಗಲದ ಬಳಿ ಅರಿಶಿನಕುಂಟೆಯಲ್ಲಿ ರುಡ್‌ಸೆಟ್ ಶಾಖೆಯಿದೆ. ನಮ್ಮಿಂದ ಒಂದು ಬಸ್ಸಿನ ದಾರಿ. ಕೋರ್ಸು ಚಿಕ್ಕದಾಗಿರುವುದಕ್ಕೆ ಮೂಗು ಮುರಿಯುವವರಿದ್ದಾರೆ. ನನಗೆ ಅದರ ಬುದ್ಧಿವಂತಿಕೆಯೇ ಅಲ್ಲಿದೆ ಎನ್ನಿಸುತ್ತದೆ: ದುಡಿಮೆ ನಿಲ್ಲುವ ದಿನಗಳನ್ನು ಕಡಿಮೆ ಮಾಡಿದ್ದಾರೆ, ಜೊತೆಗಿರುವ ದಿನಗಳನ್ನು ಹೆಚ್ಚು ಮಾಡಿದ್ದಾರೆ. ಅದು ಹಳ್ಳಿಯವರಿಗಾಗಿ, ಸ್ವಂತ ಉದ್ಯೋಗಕ್ಕಾಗಿ ಹುಟ್ಟಿದ್ದು. ಹೆಗ್ಗನಹಳ್ಳಿಯಲ್ಲಿ ಬಾಡಿಗೆಗಿದ್ದು, ರೇಷನ್ ಕಾರ್ಡನ್ನು ಯಾದಗಿರಿಯಲ್ಲೇ ಬಿಟ್ಟುಬಂದ ಹುಡುಗನಿಗೆ ಈ ನಗರದೊಳಗೆ ಹಾಗೆ ಉಂಡು, ಮಲಗಿ, ಕಲಿಯುವ ಜಾಗ ನಾನು ಹುಡುಕಿದಷ್ಟರಲ್ಲಿ ಸಿಕ್ಕಿಲ್ಲ.

ಇದರ ವಿರುದ್ಧ ತುದಿಯನ್ನೂ ನಾನು ಕಂಡಿದ್ದೇನೆ. ನಮ್ಮ ತಂಡದ ಮೂವರು ಕೆಲವು ವರ್ಷಗಳ ಹಿಂದೆ ಒಂದು ತರಬೇತಿ ಕೇಂದ್ರದಲ್ಲಿ ಎಲೆಕ್ಟ್ರಿಕಲ್ ಕೋರ್ಸಿಗೆ ಸೇರಿದ್ದರು. ದುಡಿಮೆ ಬಿಡಲಾಗದೆ ವಾರಕ್ಕೆರಡು ದಿನ ಹೋಗುತ್ತಿದ್ದರು. ಉಳಿದ ದಿನಗಳ ಹಾಜರಿಯೂ ಭರ್ತಿಯಾಯಿತು, ಕೊನೆಗೆ ಮೂವರಿಗೂ ಪ್ರಮಾಣಪತ್ರ ಬಂತು. ಅದರಲ್ಲೊಬ್ಬ ಅದನ್ನು ಪ್ಲಾಸ್ಟಿಕ್ ಹಾಕಿಸಿ ತಂದು ತೋರಿಸಿದ. ಮೆಗ್ಗರ್ ಎಂಬ ಮಾಪಕ ಹಿಡಿದು ತಂತಿಯ ಹೊದಿಕೆಯಿಂದ ವಿದ್ಯುತ್ ಸೋರುತ್ತಿದೆಯೇ ಎಂದು ಪರೀಕ್ಷೆ ಮಾಡಲು ಅವನಿಗೆ ಬರುತ್ತಿರಲಿಲ್ಲ, ಅರ್ಥಿಂಗ್ ಯಾಕೆ ಬೇಕು ಎಂಬುದು ಗೊತ್ತಿರಲಿಲ್ಲ. ವಿದ್ಯುತ್ತಿನ ಕೆಲಸದಲ್ಲಿ ಅದು ಪ್ರಾಣದ ಮಾತು. ಆ ಕೇಂದ್ರದವರಿಗೂ ತಲೆ ಎಣಿಕೆಯ ಮೇಲೆ ಹಣ ಬರುತ್ತಿದ್ದುದರಿಂದ ತಲೆ ಉಳಿಸಿಕೊಳ್ಳುವ ಒತ್ತಡವಿತ್ತು. ಹುಡುಗರಿಗೆ ಊಟದ ದಾರಿಯಿದ್ದಿದ್ದರೆ ಅವರು ದಿನವೂ ಹೋಗುತ್ತಿದ್ದರು, ಆ ಸುಳ್ಳು ಹಾಜರಿಯ ಅಗತ್ಯವೇ ಬೀಳುತ್ತಿರಲಿಲ್ಲ.

ಕಲಿತದ್ದಕ್ಕೆ ಮಾನ್ಯತೆ ಸಿಗುವುದು ಇನ್ನೊಂದು ಬೆಟ್ಟ. ಆರು ವರ್ಷ ಲೇತ್ ನಡೆಸಿದವನು ಕನಿಷ್ಠ ವೇತನದ ಪಟ್ಟಿಯಲ್ಲಿ ಕುಶಲ ಕೆಲಸಗಾರನಾಗಬೇಕು, ಆದರೆ ಶೆಡ್ಡಿನ ಹಾಜರಿ ಪಟ್ಟಿಯಾದ ಮಸ್ಟರ್ ರೋಲಿನಲ್ಲಿ ಹೆಲ್ಪರ್ ಎಂದೇ ಬರೆದಿರುತ್ತದೆ. ಮೊದಲೇ ಗೊತ್ತಿರುವ ಕಸುಬನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ 2015ರ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿದೆ. ಐಟಿಐಗೆ ಹೋಗದ ಅನುಭವಸ್ಥರು ಖಾಸಗಿ ಅಭ್ಯರ್ಥಿಗಳಾಗಿ ಅಖಿಲ ಭಾರತ ಟ್ರೇಡ್ ಪರೀಕ್ಷೆ ಬರೆಯಲೂ ದಾರಿಯಿದೆ. ಆ ದಾರಿಯ ಬಾಯಲ್ಲಿ ಮಾಲೀಕರ ಅನುಭವ ಪತ್ರ ಕೇಳುತ್ತಾರೆ. ಶನಿವಾರದ ಬಟವಾಡೆಯನ್ನು ಕೈಯಲ್ಲಿ ನಗದಾಗಿ ಪಡೆಯುವವನಿಗೆ ಪಿಎಫ್ ಇಲ್ಲ, ನೇಮಕದ ಪತ್ರವಿಲ್ಲ, ಮಾಲೀಕ ಬರೆದುಕೊಡಲು ಹೆದರುತ್ತಾನೆ. ಈ ಒಂದು ಪತ್ರಕ್ಕಾಗಿ ನಾನು ಶೆಡ್ಡುಗಳ ಬಾಗಿಲಲ್ಲಿ ಕಳೆದ ಮಧ್ಯಾಹ್ನಗಳು ಹಲವು. ಎಸ್ಸೆಸ್ಸೆಲ್ಸಿಯ ವಿಷಯದಲ್ಲಿ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಇದಕ್ಕಿಂತ ಕರುಣೆಯಿಂದ ನಡೆದುಕೊಳ್ಳುತ್ತದೆ. ಐದು ವರ್ಷದೊಳಗೆ ಒಂಬತ್ತು ಸಲ ಪರೀಕ್ಷೆಗೆ ಕೂರಬಹುದು, ಒಂದೊಂದೇ ವಿಷಯ ಮುಗಿಸಿಕೊಳ್ಳಬಹುದು, ಮೊದಲೇ ಪಾಸಾದ ಎರಡು ವಿಷಯಗಳವರೆಗೆ ಅಂಕಗಳನ್ನು ಅಲ್ಲಿಗೆ ತರಬಹುದು. ದುಡಿಯುವವನ ಬದುಕನ್ನು ನೋಡಿ ಮಾಡಿದ ನಿಯಮ ಎಂದರೆ ಹೀಗಿರಬೇಕು.

ಮೂರು ವರ್ಷಗಳ ಹಿಂದೆ ನಾವು ತರಗತಿಯ ರೀತಿಯನ್ನು ಬದಲಿಸಿದೆವು. ಏಳು ಗಂಟೆಗೆ ಬಂದ ಕೂಡಲೇ ಊಟ, ಆ ಮೇಲೆ ಪಾಠ. ವಠಾರದ ತಾಯಿಯೊಬ್ಬರು ತಲೆಗೆ 40 ರೂಪಾಯಿಯಂತೆ ಮುದ್ದೆ, ಸೊಪ್ಪಿನ ಸಾರು, ಅನ್ನ ಮಾಡಿಕೊಡುತ್ತಾರೆ. ಅವರು ಊರಿಗೆ ಹೋದ ದಿನ ಇಂದಿರಾ ಕ್ಯಾಂಟೀನಿನಿಂದ 10 ರೂಪಾಯಿಯ ಊಟ. ಬಿಟ್ಟ ಓಟಿಗೆ ಬದಲಾಗಿ ದಿನಕ್ಕೆ 100 ರೂಪಾಯಿಯನ್ನು ಶನಿವಾರ ಬಟವಾಡೆಯಂತೆಯೇ ಲೆಕ್ಕ ಹಾಕಿ ಕೊಡುತ್ತೇವೆ. ಇನ್ನೂರರ ಜಾಗದಲ್ಲಿ ನೂರು ಅರ್ಧವೇ ಹೌದು, ನಮ್ಮಿಂದ ಆಗುವುದು ಅಷ್ಟು. ಹಳೆಯ ಕಾರ್ಖಾನೆಯ ಗೆಳೆಯರು ಪಿಂಚಣಿಯಿಂದ, ಮಕ್ಕಳ ಸಂಬಳದಿಂದ ಕೂಡಿಸುತ್ತಾರೆ. ಕಳೆದ ತಂಡದಲ್ಲಿ ಇಪ್ಪತ್ತೊಂದು ಜನ ಸೇರಿದ್ದರು, ಹದಿನಾರು ಜನ ಕೊನೆಯವರೆಗೆ ಉಳಿದರು. ಪಾಠ ಅದೇ, ಕಲಿಸುವವನೂ ಅದೇ ನಾನು. ವರ್ನಿಯರ್ ಹುಡುಗ ಮೊದಲ ವರ್ಷವೇ ಮರಳಿ ಬಂದ. ಈಗ ಬೇರೆ ಶೆಡ್ಡಿನಲ್ಲಿ ಸಿಎನ್‌ಸಿ ಯಂತ್ರದ ಮುಂದೆ ನಿಂತಿದ್ದಾನೆ, ಅಲ್ಲಿನ ಹಾಜರಿ ಪುಸ್ತಕದಲ್ಲಿ ಅವನ ಹುದ್ದೆ ಆಪರೇಟರ್.

ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ಊಟ ಇಟ್ಟರೂ ಸಾಲಲಿಲ್ಲ. ಗಾರ್ಮೆಂಟ್ಸ್ ಐದೂವರೆಗೆ ಬಿಡುತ್ತದೆ, ಆ ಮೇಲೆ ನೀರು, ಅಡುಗೆ, ಮಗು. ರಾತ್ರಿ ಒಂಬತ್ತಕ್ಕೆ ಒಬ್ಬರೇ ಮನೆಗೆ ನಡೆಯುವುದನ್ನು ಮನೆಯವರೂ ಒಪ್ಪುವುದಿಲ್ಲ. ಆದ್ದರಿಂದ ಈ ವರ್ಷ ಭಾನುವಾರ ಬೆಳಿಗ್ಗೆ ಅವರ ವಠಾರದ ಅಂಗಳಕ್ಕೇ ತರಗತಿಯನ್ನು ಒಯ್ದಿದ್ದೇವೆ. ವಾರದ ಒಂದೇ ಬಿಡುವಿನ ದಿನವನ್ನು ಅವರು ಕೊಡುತ್ತಿದ್ದಾರೆ ಎಂಬುದು ನನ್ನ ಮನಸ್ಸಿನಲ್ಲಿದೆ. ಅವರು ಕೇಳಿದ್ದು ಹೊಲಿಗೆಯನ್ನಲ್ಲ, ಅದು ಅವರಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಅವರ ಲೈನುಗಳಲ್ಲಿ ಯಂತ್ರ ನಡೆಸುವವರೆಲ್ಲ ಹೆಂಗಸರು, ಯಂತ್ರ ರಿಪೇರಿ ಮಾಡುವ ಮೆಕ್ಯಾನಿಕ್‌ಗಳೆಲ್ಲ ಗಂಡಸರು, ಸಂಬಳವೂ ಅವರದೇ ಹೆಚ್ಚು. ಯಂತ್ರ ಕೆಟ್ಟಾಗ ಮೆಕ್ಯಾನಿಕ್ ಬರುವವರೆಗೆ ಕಾದು, ಆ ಹೊತ್ತಿನ ಪೀಸುಗಳ ಲೆಕ್ಕಕ್ಕೆ ಸೂಪರ್‌ವೈಸರಿಂದ ಬೈಸಿಕೊಳ್ಳುವವರು ಇವರು. ಆ ಕೆಲಸವನ್ನೇ ಕಲಿಸಿ ಎಂದರು.

ಮೇಲಿನ ದಾರವನ್ನೂ ಕೆಳಗಿನ ದಾರವನ್ನೂ ಹೆಣೆದು ಹೊಲಿಯುವ ಹಳೆಯ ಲಾಕ್‌ಸ್ಟಿಚ್ ಯಂತ್ರವೊಂದನ್ನು ಕೊಂಡು ತಂದೆವು. ಹೋದ ಭಾನುವಾರ ಹುಕ್ ಟೈಮಿಂಗ್ ಪಾಠ. ಸೂಜಿ ಅತಿ ಕೆಳಗೆ ಹೋಗಿ ಸುಮಾರು 2 ಮಿಲಿಮೀಟರ್ ಮೇಲೇಳುವ ಹೊತ್ತಿಗೆ ಹುಕ್ಕಿನ ಮೂತಿ ಸೂಜಿಯ ನಟ್ಟನಡುವೆ ಬಂದು ದಾರದ ಕುಣಿಕೆಯನ್ನು ಹಿಡಿಯಬೇಕು. ಒಂದಿಷ್ಟು ಮೊದಲಾದರೂ ತಡವಾದರೂ ಹೊಲಿಗೆ ಬಿಟ್ಟುಹೋಗುತ್ತದೆ. ಸೊಂಟದ ಮೇಲೆ ಮಗುವನ್ನು ಇಟ್ಟುಕೊಂಡೇ ಬಗ್ಗಿ ನೋಡುತ್ತಿದ್ದ ಒಬ್ಬಳು ಮಗುವನ್ನು ಪಕ್ಕದವಳ ಕೈಗೆ ಕೊಟ್ಟು, ಸ್ಕ್ರೂ ಸಡಿಲಿಸಿ, ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ಮೂರನೆಯ ಸಲಕ್ಕೆ ಹುಕ್ಕನ್ನು ಕೂರಿಸಿದಳು. ಹಳೆಯ ಬಟ್ಟೆಯ ಮೇಲೆ ಒಂದು ಮೊಳ ಉದ್ದ ಹೊಲಿದು, ತಿರುಗಿಸಿ ಕೆಳಗಿನ ದಾರವನ್ನೂ ಉಗುರಿನಿಂದ ಎಳೆದು ನೋಡಿದಳು. ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ. ಮುಂದಿನ ವಾರಕ್ಕೆ ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಯಂತ್ರ ಬೇಕು ಎಂದಿದ್ದಾರೆ. ಕಾಮಾಕ್ಷಿಪಾಳ್ಯದಲ್ಲಿ ಹಳೆಯದೊಂದು ಮಾರಾಟಕ್ಕಿದೆಯಂತೆ, ನಾಳೆ ಬೆಳಿಗ್ಗೆ ನೋಡಲು ಹೋಗುತ್ತಿದ್ದೇನೆ.